‘ಅದೆಲ್ಲ ಫಿಲಾಸಫಿ, ಬಿಡು’ ಅಂತಾರೆ. ಫಿಸಿಕ್ಸ್ ಓದೋರಿಗೆ ತತ್ತ್ವಶಾಸ್ತ್ರ ನಿಜಕ್ಕೂ ಬೇಡವಾ?

ಪ್ರಶ್ನೆ | ಆರನೇ ಸೆಮ್, ಹಾಸನ

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಕೊನೇ ವರ್ಷದಲ್ಲಿದ್ದೇನೆ, ಫಿಸಿಕ್ಸ್ ಮತ್ತು ಮ್ಯಾಥ್ಸ್. ಈ ಸೆಮಿಸ್ಟರ್‌ನಲ್ಲಿ ಕ್ವಾಂಟಂ ಮೆಕ್ಯಾನಿಕ್ಸ್ ಇದೆ. ಪೆಟ್ಟಿಗೆಯೊಳಗಿನ ಕಣ, ಹಾರ್ಮೋನಿಕ್ ಆಸಿಲೇಟರ್ ಎಲ್ಲ ಬಿಡಿಸ್ತೀನಿ, ಇಂಟರ್ನಲ್ಸ್‌ನಲ್ಲೂ ತೊಂದರೆಯಿಲ್ಲ. ಆದರೆ ಒಂದು ಕಡೆ ಮನಸ್ಸು ಸಿಕ್ಕಿಹಾಕಿಕೊಂಡಿದೆ. ಅಳೆಯೋ ತನಕ ಎಲೆಕ್ಟ್ರಾನ್‌ಗೆ ಇಂಥದ್ದೇ ಅಂತ ಒಂದು ಜಾಗ ಇಲ್ಲ ಅಂತ ಪುಸ್ತಕ ಹೇಳುತ್ತೆ. ಇಲ್ಲ ಅಂದ್ರೆ ನಿಜವಾಗಿಯೂ ಇಲ್ವಾ? ಅಥವಾ ಇದೆ, ನಮಗೆ ಗೊತ್ತಿಲ್ಲ ಅಷ್ಟೇನಾ? ಇವೆರಡೂ ಬೇರೆ ಬೇರೆ ಮಾತು ತಾನೇ?

ಕ್ಲಾಸಲ್ಲಿ ಕೇಳಿದೆ. “ಅದೆಲ್ಲ ಫಿಲಾಸಫಿ, ಪರೀಕ್ಷೆಗೆ ಬರಲ್ಲ, ಲೆಕ್ಕ ಮಾಡು” ಅಂದ್ರು. ಬೈದು ಹೇಳಿದ್ದಲ್ಲ, ಸಿಲಬಸ್ ಮುಗಿಸೋ ಒತ್ತಡ ಅವರಿಗೂ ಇರುತ್ತೆ. ಆಮೇಲೆ ಹುಡುಕಿದರೆ ಹಾಕಿಂಗ್ ಅಂಥವರೇ 2010ರ ಪುಸ್ತಕದಲ್ಲಿ ತತ್ತ್ವಶಾಸ್ತ್ರ ಸತ್ತುಹೋಗಿದೆ ಅಂತ ಬರೆದಿದ್ದಾರೆ. ಮನೇಲಿ ದೊಡ್ಡಪ್ಪನ ಹತ್ತಿರ ಹೇಳಿಕೊಂಡರೆ “ಇದನ್ನೆಲ್ಲ ನಮ್ಮ ವೇದಾಂತ ಆಗಲೇ ಹೇಳಿದೆ” ಅಂತಾರೆ. ಯಾರ ಮಾತಿಂದಲೂ ಸಮಾಧಾನ ಆಗ್ಲಿಲ್ಲ.

ನನಗೆ ಬೇಕಾಗಿರೋದು ಇಷ್ಟು. ಇಂಥ ಪ್ರಶ್ನೆಗೆ ತಲೆ ಕೆಡಿಸಿಕೊಂಡಿದ್ದರಿಂದ ಭೌತಶಾಸ್ತ್ರಕ್ಕೆ ಯಾವತ್ತಾದರೂ ನಿಜವಾದ ಉಪಯೋಗ ಆಗಿದ್ಯಾ? ಆಗಿದ್ದರೆ ಒಂದು ಉದಾಹರಣೆ ಕೊಡಿ. ಎಮ್ಮೆಸ್ಸಿಗೆ ಹೋಗಬೇಕು ಅಂತಿದ್ದೀನಿ. ಈ ಯೋಚನೆಗಳನ್ನು ಪಕ್ಕಕ್ಕಿಟ್ಟು ಹೋಗಬೇಕಾ, ಜೊತೆಗೆ ತಗೊಂಡು ಹೋಗಬಹುದಾ?

ಉತ್ತರ | ಚಿಪ್ ಕೆಲಸ, ಬೆಂಗಳೂರು

ನಾನೂ ಫಿಸಿಕ್ಸ್ ಎಮ್ಮೆಸ್ಸಿ, ಈಗ ಸೆಮಿಕಂಡಕ್ಟರ್ ಕೆಲಸದಲ್ಲಿದ್ದೀನಿ. ಟ್ರಾನ್ಸಿಸ್ಟರ್ ಗೇಟಿನ ಕೆಳಗಿರೋ ಆಕ್ಸೈಡ್ ಪದರ ಒಂದೆರಡು ನ್ಯಾನೋಮೀಟರ್‌ಗೆ ಇಳಿದರೆ ಎಲೆಕ್ಟ್ರಾನ್‌ಗಳು ಅದನ್ನು ತೂರಿಕೊಂಡು ಸೋರುತ್ತವೆ. ಎಷ್ಟು ಸೋರುತ್ತೆ ಅಂತ ಸಮೀಕರಣ ಹೇಳುತ್ತೆ, ಅಳತೆಯೂ ಅದನ್ನೇ ಹೇಳುತ್ತೆ. ತೂರೋ ಹೊತ್ತಲ್ಲಿ ಎಲೆಕ್ಟ್ರಾನ್ ‘ನಿಜವಾಗಿ’ ಎಲ್ಲಿತ್ತು ಅನ್ನೋ ಪ್ರಶ್ನೆ ನನ್ನ ಕೆಲಸದಲ್ಲಿ ಒಮ್ಮೆಯೂ ಎದುರಾಗಿಲ್ಲ.

ಇನ್ನೊಂದು ವಿಷಯ. ತತ್ತ್ವಶಾಸ್ತ್ರ ದಾರಿಗೆ ಅಡ್ಡ ಬಂದದ್ದೂ ಇದೆ. ಕಣ್ಣಿಗೆ ಕಾಣದ್ದನ್ನು ಇದೆ ಅನ್ನಬಾರದು ಅನ್ನೋ ಸಿದ್ಧಾಂತ ಹಿಡಿದು ವಿಯೆನ್ನಾದ ಭೌತಶಾಸ್ತ್ರಜ್ಞ, ತತ್ತ್ವಜ್ಞ ಮಾಖ್ ಪರಮಾಣುಗಳನ್ನೇ ಒಪ್ಪಲಿಲ್ಲ. ಬೋಲ್ಟ್ಸ್‌ಮನ್ ಪರಮಾಣು ಇದೆ ಅಂತ ವರ್ಷಗಟ್ಟಲೆ ವಾದ ಮಾಡಬೇಕಾಯ್ತು. 1905ರಲ್ಲಿ ಐನ್‌ಸ್ಟೈನ್ ಬ್ರೌನಿಯನ್ ಚಲನೆಯ (ನೀರಲ್ಲಿ ತೇಲೋ ಸಣ್ಣ ಕಣಗಳ ನಿಲ್ಲದ ನಡುಗಾಟ) ಲೆಕ್ಕ ಕೊಟ್ಟು, ಆಮೇಲೆ ಪೆರಾನ್ ಪ್ರಯೋಗ ಮಾಡಿ ತೋರಿಸಿದ ಮೇಲೆ ಜಗಳ ತಣ್ಣಗಾಯ್ತು. ಅಂದರೆ ಇತ್ಯರ್ಥ ಮಾಡಿದ್ದು ಲೆಕ್ಕ ಮತ್ತು ಸೂಕ್ಷ್ಮದರ್ಶಕ. ಮೊದಲು ಲೆಕ್ಕದಲ್ಲಿ ಕೈ ಪಳಗಿಸಿಕೊಳ್ಳಿ, ಉಳಿದದ್ದು ಆಮೇಲೆ.

ಉತ್ತರ | ಬೆಳಕಿನ ಲ್ಯಾಬ್, ಮೈಸೂರು

ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತಳಾದವಳು ನಾನು, ಆಪ್ಟಿಕ್ಸ್ ಲ್ಯಾಬ್ ನನ್ನ ವಶದಲ್ಲಿತ್ತು. ವಿದ್ಯಾರ್ಥಿ ಅಂದ ಮೇಲೆ ಏಕವಚನದಲ್ಲೇ ಬರೀತೀನಿ, ಬೇಜಾರು ಮಾಡ್ಕೋಬೇಡ.

ಉದಾಹರಣೆ ಕೇಳಿದ್ದೀಯ. ನೀನು ಕ್ಲಾಸಲ್ಲಿ ಕೇಳಿದ ಆ ಪ್ರಶ್ನೆಯೇ ಉದಾಹರಣೆ. ‘ಇಲ್ವಾ, ಅಥವಾ ಇದ್ದೂ ಗೊತ್ತಿಲ್ವಾ’ ಅನ್ನೋದರ ಹಿಂದೆ ತೊಂಬತ್ತು ವರ್ಷದ ಚರಿತ್ರೆ ಇದೆ.

1932ರಲ್ಲಿ ಫಾನ್ ನಾಯ್ಮನ್ ಕ್ವಾಂಟಂ ಮೆಕ್ಯಾನಿಕ್ಸ್‌ನ ಗಣಿತವನ್ನು ಕಟ್ಟುನಿಟ್ಟಾಗಿ ಜೋಡಿಸಿ ಒಂದು ಪುಸ್ತಕ ತಂದರು. ಅದರಲ್ಲಿ ಒಂದು ಸಾಧನೆ (ಪ್ರೂಫ್) ಇತ್ತು: ಕಣಗಳಿಗೆ ನಮಗೆ ಗೊತ್ತಿಲ್ಲದ ಒಳಗಿನ ಬೆಲೆಗಳಿವೆ, ಆ ಗುಟ್ಟು ತಿಳಿದರೆ ಎಲ್ಲವೂ ನಿಶ್ಚಿತವಾಗುತ್ತೆ ಅನ್ನೋ ಕಲ್ಪನೆ ಕ್ವಾಂಟಂ ನಿಯಮಗಳ ಜೊತೆ ಹೊಂದೋದೇ ಇಲ್ಲ ಅಂತ. ಅಂದರೆ ನಿನ್ನ ಎರಡನೇ ಆಯ್ಕೆ ಗಣಿತದ ಪ್ರಕಾರವೇ ಅಸಾಧ್ಯ. ಹೇಳಿದವರು ಆ ಕಾಲದ ಅತಿ ದೊಡ್ಡ ಗಣಿತಜ್ಞರಲ್ಲಿ ಒಬ್ಬರು. ಬಹುಪಾಲು ಜನ ಅಲ್ಲಿಗೇ ಬಾಗಿಲು ಮುಚ್ಚಿದರು.

ಒಬ್ಬಳು ಮುಚ್ಚಲಿಲ್ಲ. ಗ್ರೇಟ ಹರ್ಮನ್. ಗಟ್ಟಿಂಗನ್‌ನಲ್ಲಿ ಎಮಿ ನೋಥರ್ ಕೈಕೆಳಗೆ ಗಣಿತದಲ್ಲಿ ಡಾಕ್ಟರೇಟ್ ಮಾಡಿದವಳು, ಮನಸ್ಸು ಇದ್ದದ್ದು ಜರ್ಮನ್ ತತ್ತ್ವಜ್ಞ ಕಾಂಟನ ತತ್ತ್ವಶಾಸ್ತ್ರದಲ್ಲಿ. ಕಾರಣ ಇಲ್ಲದೆ ಏನೂ ನಡೆಯಲ್ಲ ಅನ್ನೋ ಕಾಂಟನ ಮಾತು ಕ್ವಾಂಟಂ ಬಂದ ಮೇಲೂ ನಿಲ್ಲುತ್ತಾ ಅಂತ ವಿಚಾರಿಸೋಕೆ 1934ರಲ್ಲಿ ಲೈಪ್‌ಜಿಗ್‌ಗೆ ಹೋಗಿ ಹೈಸನ್‌ಬರ್ಗ್ ಗುಂಪಿನ ಜೊತೆ ಕೂತು ಚರ್ಚಿಸಿದಳು. 1935ರಲ್ಲಿ ಬರೆದ ಪ್ರಬಂಧದಲ್ಲಿ ಫಾನ್ ನಾಯ್ಮನ್‌ರ ಸಾಧನೆಯ ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದಳು.

ಆ ಜಾಗ ನೋಡು, ನಿನ್ನ ಮಟ್ಟದ ಗಣಿತದಲ್ಲೇ ಸಿಗುತ್ತೆ. ಕ್ವಾಂಟಂನಲ್ಲಿ ಸರಾಸರಿಗಳು ಕೂಡುತ್ತವೆ: ಎ ಮತ್ತು ಬಿ ಎರಡು ಅಳತೆಯಾದರೆ, ‘ಎ ಪ್ಲಸ್ ಬಿ’ಯ ಸರಾಸರಿ ಅಂದರೆ ಅವೆರಡರ ಸರಾಸರಿಗಳ ಮೊತ್ತ. ಇದು ಸರಿ. ಫಾನ್ ನಾಯ್ಮನ್ ಈ ನಿಯಮವನ್ನು ಆ ಕಲ್ಪಿತ ಒಳಸ್ಥಿತಿಗಳಿಗೂ ಹಾಗೇ ಅನ್ವಯಿಸಿಬಿಟ್ಟರು. ಆ ಸ್ಥಿತಿಯಲ್ಲಿ ಎಲ್ಲ ಬೆಲೆಯೂ ನಿಶ್ಚಿತ, ಹಾಗಾಗಿ ಸರಾಸರಿ ಅಂದರೆ ಬೆಲೆಯೇ. ಈಗ ಸ್ಪಿನ್ ತಗೋ, ಕಣದೊಳಗಿನ ಪುಟ್ಟ ಆಯಸ್ಕಾಂತದಂಥ ಗುಣ. ಎಕ್ಸ್ ದಿಕ್ಕಿನಲ್ಲಿ ಅಳೆದರೆ +1 ಅಥವಾ −1. ವೈ ದಿಕ್ಕಿನಲ್ಲೂ ಅಷ್ಟೇ. ಎರಡನ್ನೂ ಕೂಡಿಸಿದ ಆಪರೇಟರ್ (ಅಳತೆಯೊಂದನ್ನು ಸೂಚಿಸೋ ಗಣಿತದ ರೂಪ) ಅಂದರೆ 45 ಡಿಗ್ರಿ ಓರೆ ದಿಕ್ಕಿನ ಸ್ಪಿನ್‌ನ √2ರಷ್ಟು, ಅದರ ಬೆಲೆ +1.414 ಅಥವಾ −1.414. ಬೆಲೆಗಳೂ ಕೂಡಲೇಬೇಕು ಅಂದರೆ ±1 ಮತ್ತು ±1 ಕೂಡಿ 1.414 ಬರಬೇಕು. ಬರೋದು 2, 0, −2 ಮಾತ್ರ. ಹಾಗಾಗಿ ಒಳಸ್ಥಿತಿ ಅಸಾಧ್ಯ ಅಂತ ತೀರ್ಮಾನ! ಆದರೆ ಓರೆ ದಿಕ್ಕಿನ ಅಳತೆಗೆ ಆಯಸ್ಕಾಂತವನ್ನೇ ತಿರುಗಿಸಿ ಇಡಬೇಕು, ಅದು ಬೇರೆಯೇ ಪ್ರಯೋಗ. ಮೂರು ಬೇರೆ ಪ್ರಯೋಗಗಳ ಒಂದೊಂದು ಉತ್ತರ ಹೀಗೆ ಕೂಡಬೇಕು ಅಂತ ಹೇಳಿದವರು ಯಾರು? ಈ ಸ್ಪಿನ್ ಲೆಕ್ಕ ಆಮೇಲೆ ಬೆಲ್ ಕೊಟ್ಟದ್ದು. ಹರ್ಮನ್ ಹೇಳಿದ್ದು ಅದರ ತಿರುಳು: ಸಾಧಿಸಬೇಕಾದದ್ದನ್ನೇ ನೀವು ಮೊದಲ ಸಾಲಿನಲ್ಲಿ ಒಪ್ಪಿಕೊಂಡು ಕೂತಿದ್ದೀರಿ.

ಗಮನಿಸು, ಅವಳು ಹೊಸ ಸಮೀಕರಣ ಬರೆಯಲಿಲ್ಲ. ಒಳಗಿನ ಬೆಲೆಗಳು ಇವೆ ಅಂತ ವಾದಿಸಲೂ ಇಲ್ಲ. ಅವಳ ತೀರ್ಮಾನ ಬೇರೆಯೇ ಇತ್ತು. ವಾದ ಎಲ್ಲಿ ನಿಂತಿಲ್ಲ ಅಂತ ತೋರಿಸಿದಳು ಅಷ್ಟೇ, ನನ್ನ ಪ್ರಕಾರ ಭೌತಶಾಸ್ತ್ರದೊಳಗೆ ತತ್ತ್ವಶಾಸ್ತ್ರದ ಕೆಲಸ ಅಂದರೆ ಇದೇ. ಪ್ರಬಂಧ ಅಚ್ಚಾದದ್ದು ತತ್ತ್ವಶಾಸ್ತ್ರದ ಒಂದು ಮಾಲಿಕೆಯಲ್ಲಿ. ಫಿಸಿಕ್ಸ್‌ನವರು ಹೆಚ್ಚಿನವರು ಓದಲೇ ಇಲ್ಲ. ನಾಜಿಗಳ ವಿರುದ್ಧ ಕೆಲಸ ಮಾಡುತ್ತಿದ್ದ ಅವಳು 1936ರಲ್ಲಿ ಜರ್ಮನಿ ಬಿಟ್ಟಳು. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ಅದೇ 1935ರಲ್ಲಿ ಐನ್‌ಸ್ಟೈನ್, ಪೊಡೋಲ್ಸ್ಕಿ, ರೋಸನ್ ಒಂದು ನಾಲ್ಕು ಪುಟದ ಲೇಖನ ಬರೆದು ಕ್ವಾಂಟಂ ವರ್ಣನೆ ಅಪೂರ್ಣ ಅಂದರು. ವರ್ಣನೆ ಪೂರ್ಣವೇ ಅನ್ನುತ್ತಿದ್ದ ಬೋರ್ ಅದೇ ಪತ್ರಿಕೆಯಲ್ಲಿ ಅದೇ ಶೀರ್ಷಿಕೆ ಇಟ್ಟು ಉತ್ತರ ಕೊಟ್ಟರು. ಬೋರ್ ಗೆದ್ದರು ಅಂತ ಜನ ಒಪ್ಪಿದರು, ಓದಿದವರು ಕಡಿಮೆ. 1952ರಲ್ಲಿ ಡೇವಿಡ್ ಬೋಮ್ ಅಸಾಧ್ಯ ಅಂದದ್ದನ್ನೇ ಕಟ್ಟಿ ತೋರಿಸಿದರು: ಒಳಗಿನ ಬೆಲೆಗಳಿದ್ದೂ ಕ್ವಾಂಟಂನ ಎಲ್ಲ ಫಲಿತಾಂಶ ಕೊಡೋ ಸಿದ್ಧಾಂತ. ಅದನ್ನು ನೋಡಿ ಬೆರಗಾದವರು ಜಾನ್ ಬೆಲ್, ಬೆಲ್‌ಫಾಸ್ಟ್‌ನ ಹುಡುಗ. ಜರ್ಮನ್ ಬಾರದ ಕಾರಣ ಅವರು ಫಾನ್ ನಾಯ್ಮನ್‌ರ ಸಾಧನೆಯ ವಿಷಯ ಮೊದಲು ತಿಳಿದದ್ದು ಮ್ಯಾಕ್ಸ್ ಬಾರ್ನ್ ಬರೆದ ಪುಸ್ತಕದಿಂದ. (ಇದೇ ಬಾರ್ನ್ 1935ರ ಕೊನೆಯಲ್ಲಿ ರಾಮನ್ ಕರೆದರು ಅಂತ ಬೆಂಗಳೂರಿಗೆ ಬಂದು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಐಐಎಸ್ಸಿಯಲ್ಲಿ, ಕೆಲವು ತಿಂಗಳು ಇದ್ದವರು.) ಬೆಲ್ ಆಮೇಲೆ ಸ್ವತಂತ್ರವಾಗಿ ಅದೇ ತಪ್ಪನ್ನು ಕಂಡುಹಿಡಿದರು. ಹರ್ಮನ್ ಹೇಳಿ ಆಗಲೇ ಸುಮಾರು ಮೂವತ್ತು ವರ್ಷ ಕಳೆದಿತ್ತು.

ಬೆಲ್ ಅಲ್ಲಿಗೇ ನಿಲ್ಲಲಿಲ್ಲ. ಇದರ ಮುಂದಿನದು ನಿನ್ನ ಲ್ಯಾಬಿನ ಅಲ್ಮಾರಿಯಲ್ಲೇ ಅರ್ಧ ಇದೆ. ಎರಡು ಪೋಲರಾಯ್ಡ್ (ಒಂದೇ ದಿಕ್ಕಿನ ಕಂಪನದ ಬೆಳಕನ್ನು ಮಾತ್ರ ಬಿಡೋ ಹಾಳೆ) ತಗೊಂಡು ಮಾಲಸ್ ನಿಯಮ ನೋಡಿರ್ತೀಯ. ಒಂದರ ಮುಂದೆ ಇನ್ನೊಂದನ್ನು 60 ಡಿಗ್ರಿ ತಿರುಗಿಸಿದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ, ಕಾಸ್ 60ರ ವರ್ಗ. ಈ ಕಾಲನ್ನು ನೆನಪಿಟ್ಟುಕೋ.

ಜೋಡಿಯಾಗಿ ಹುಟ್ಟಿದ ಎರಡು ಫೋಟಾನ್, ಅಂದರೆ ಬೆಳಕಿನ ಕಣ, ಬೇರೆ ಬೇರೆ ಕಡೆ ಹೋಗುತ್ತವೆ. ಎರಡೂ ಕಡೆ ಪೋಲರಾಯ್ಡ್ ಒಂದೇ ಕೋನದಲ್ಲಿದ್ದರೆ ಎರಡೂ ದಾಟುತ್ತವೆ ಇಲ್ಲವೇ ಎರಡೂ ದಾಟಲ್ಲ, ಪ್ರತಿ ಸಲವೂ. ಎರಡು ಬೇರೆ ಕೊಠಡಿಯಲ್ಲಿ ಪರೀಕ್ಷೆಗೆ ಕೂರಿಸಿದ ಅವಳಿಗಳು ಯಾವ ಪ್ರಶ್ನೆ ಕೊಟ್ಟರೂ ಒಂದೇ ಉತ್ತರ ಬರೆದರೆ ಏನಂತೀಯ? ಮೊದಲೇ ಮಾತಾಡಿಕೊಂಡು ಬಂದಿದ್ದಾರೆ ಅಂತೀಯ. ಫೋಟಾನ್‌ಗಳೂ ಹಾಗೇ ಅಂದುಕೋ: 0, 60, 120 ಡಿಗ್ರಿ ಮೂರಕ್ಕೂ ‘ದಾಟು’ ಅಥವಾ ‘ನಿಲ್ಲು’ ಅಂತ ಉತ್ತರ ಹೊತ್ತೇ ಹೊರಟಿವೆ. ಇದು ನಿನ್ನ ‘ಇದೆ, ಗೊತ್ತಿಲ್ಲ’. ಉತ್ತರ ಎರಡೇ ಬಗೆ, ಪ್ರಶ್ನೆ ಮೂರು. ಹಾಗಾದರೆ ಮೂರರಲ್ಲಿ ಎರಡಕ್ಕಾದರೂ ಒಂದೇ ಉತ್ತರ ಇರಲೇಬೇಕು. ಎರಡೂ ಕಡೆ ಬೇರೆ ಬೇರೆ ಕೋನ ಇಟ್ಟು ಅಳೆದಾಗ ಉತ್ತರ ಹೊಂದೋದು ಸರಾಸರಿ ಮೂರರಲ್ಲಿ ಒಂದು ಸಲಕ್ಕಿಂತ ಕಡಿಮೆಯಾಗೋಕೆ ಸಾಧ್ಯವೇ ಇಲ್ಲ. ಕ್ವಾಂಟಂ ಹೇಳೋದು ನಾಲ್ಕರಲ್ಲಿ ಒಂದು. ಅದೇ ಮಾಲಸನ ಕಾಲು.

ಮೂರರಲ್ಲಿ ಒಂದಾ, ನಾಲ್ಕರಲ್ಲಿ ಒಂದಾ. ಎಣಿಸಿ ನೋಡಬಹುದಾದ ವಿಷಯ! 1964ರಲ್ಲಿ ಬೆಲ್ ಬೇರೆ ರೂಪದಲ್ಲಿ ಈ ವಾದ ಬರೆದು, ಕೆಲವೇ ವರ್ಷ ಬದುಕಿದ ಒಂದು ಸಣ್ಣ ಪತ್ರಿಕೆಗೆ ಕೊಟ್ಟರು. ಅದನ್ನು ಹಿಡಿದು ಪ್ರಯೋಗಕ್ಕೆ ಇಳಿಸಿದ 1969ರ ಲೇಖನದ ನಾಲ್ವರಲ್ಲಿ ಒಬ್ಬರು ಏಬ್ನರ್ ಶಿಮೊನಿ, ಮೊದಲು ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಆಮೇಲೆ ಫಿಸಿಕ್ಸ್‌ನಲ್ಲಿ ಇನ್ನೊಂದು ಮಾಡಿದವರು. ಆ ನಾಲ್ವರ ಸೂತ್ರ ಎರಡೂ ಕಡೆಯ ಉತ್ತರಗಳ ಹೊಂದಿಕೆಯನ್ನು ಒಂದು ಸಂಖ್ಯೆಯಾಗಿ ಕೊಡುತ್ತೆ: ಉತ್ತರ ಮೊದಲೇ ಇದ್ದು ಒಂದು ಕಡೆಯ ಅಳತೆ ಇನ್ನೊಂದು ಕಡೆ ಮುಟ್ಟದಿದ್ದರೆ ಆ ಸಂಖ್ಯೆ 2 ದಾಟಬಾರದು, ಕ್ವಾಂಟಂನಲ್ಲಿ 2.83ರವರೆಗೆ ಹೋಗಬಹುದು. 1972ರಲ್ಲಿ ಬರ್ಕ್ಲಿಯಲ್ಲಿ ಫ್ರೀಡ್‌ಮನ್ ಮತ್ತು ಕ್ಲಾಸರ್ ಕ್ಯಾಲ್ಸಿಯಂ ಪರಮಾಣುಗಳಿಂದ ಬಂದ ಫೋಟಾನ್ ಜೋಡಿ ಬಳಸಿ ಅಳೆದರು. ಕ್ವಾಂಟಂ ಗೆದ್ದಿತು. 1982ರಲ್ಲಿ ಆಸ್ಪೆ ಫ್ರಾನ್ಸ್‌ನಲ್ಲಿ ಇನ್ನೂ ಬಿಗಿಯಾಗಿ ಮಾಡಿದರು. 2015ರಲ್ಲಿ ಡೆಲ್ಫ್ಟ್‌ನವರು 1.3 ಕಿಲೋಮೀಟರ್ ದೂರದಲ್ಲಿಟ್ಟ ಎರಡು ಎಲೆಕ್ಟ್ರಾನ್‌ಗಳಲ್ಲಿ 2.42 ಪಡೆದರು. 2022ರ ನೊಬೆಲ್ ಆಸ್ಪೆ, ಕ್ಲಾಸರ್, ಜೈಲಿಂಗರ್ ಮೂವರಿಗೆ ಬಂದದ್ದು ಇದಕ್ಕೇ.

ಅಂದರೆ ನಿನಗೆ ಉತ್ತರ ಇದು: ‘ಇದೆ, ಗೊತ್ತಿಲ್ಲ ಅಷ್ಟೇ’ ಅನ್ನೋದನ್ನು ಉಳಿಸಿಕೊಳ್ಳಬಹುದು, ಆದರೆ ಆಗ ದೂರದ ಅಳತೆ ಇಲ್ಲಿ ತಕ್ಷಣ ಮುಟ್ಟುತ್ತೆ ಅಂತ ಒಪ್ಪಬೇಕು. ಬೋಮ್ ಸಿದ್ಧಾಂತ ಹಾಗೇ ಮಾಡುತ್ತೆ. ಉತ್ತರ ಮೊದಲೇ ಇತ್ತು ಅನ್ನೋದು, ದೂರದ ಅಳತೆ ಇಲ್ಲಿ ಮುಟ್ಟಲ್ಲ ಅನ್ನೋದು, ಎರಡನ್ನೂ ಇಟ್ಟುಕೊಳ್ಳೋಕೆ ಆಗಲ್ಲ. ಪರೀಕ್ಷೆಗೆ ಬರಲ್ಲ ಅಂದ ಪ್ರಶ್ನೆ ಇದು.

ಉತ್ತರ | ಚಿಪ್ ಕೆಲಸ, ಬೆಂಗಳೂರು

ಮೇಡಂ, ಹರ್ಮನ್ ವಿಷಯ ನನಗೆ ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಆದರೂ ಒಂದು ಮಾತು. ಬೆಲ್ ಸರ್ನ್‌ನಲ್ಲಿ ಕೆಲಸ ಮಾಡ್ತಿದ್ದ ಫಿಸಿಸಿಸ್ಟ್, ಆಕ್ಸಿಲರೇಟರ್ ವಿನ್ಯಾಸದಲ್ಲೂ ಪಳಗಿದವರು. ಆ ಅಸಮಾನತೆ (‘ಮೂರರಲ್ಲಿ ಒಂದಕ್ಕಿಂತ ಕಡಿಮೆ ಆಗಲ್ಲ’ ಅನ್ನೋ ಥರದ ಮಿತಿ) ಬರೆಯೋಕೆ ಆ ಕೈ ಬೇಕಾಯ್ತು. ತತ್ತ್ವಶಾಸ್ತ್ರ ಮಾತ್ರ ಓದಿದವರ ಕೈಲಿ ಅದು ಆಗ್ತಿತ್ತಾ?

ಉತ್ತರ | ತರ್ಕದ ವಿದ್ಯಾರ್ಥಿ, ಉಡುಪಿ

ಸಂಸ್ಕೃತ ಕಾಲೇಜಿನಲ್ಲಿ ನ್ಯಾಯಶಾಸ್ತ್ರ (ನಮ್ಮ ಹಳೆಯ ತರ್ಕಶಾಸ್ತ್ರ) ಓದ್ತಿದ್ದೀನಿ. ದೊಡ್ಡಪ್ಪನ ಮಾತಿಗೆ ಮಾತ್ರ ಉತ್ತರಿಸ್ತೀನಿ.

ಕ್ವಾಂಟಂನ ತರಂಗ ಸಮೀಕರಣ ಬರೆದ ಶ್ರೋಡಿಂಗರ್ ವೇದಾಂತವನ್ನು ಪ್ರೀತಿಯಿಂದ ಓದಿದ್ದು ನಿಜ. ತರಂಗ ಸಮೀಕರಣ ಬರೋದಕ್ಕೆ ಮುಂಚೆ, 1925ರಲ್ಲೇ, ಅದರ ಬಗ್ಗೆ ಬರೆದಿದ್ದರು. ಆದರೆ ಸಮೀಕರಣ ವೇದಾಂತದಿಂದ ಹುಟ್ಟಲಿಲ್ಲ. ಅದಕ್ಕೆ ದಾರಿ ಮಾಡಿದ್ದು ಕಣಕ್ಕೂ ತರಂಗ ಇದೆ ಅಂದ ಡಿ ಬ್ರಾಯ್. ‘ಎಲ್ಲ ಒಂದೇ’ ಅನ್ನೋ ಮಾತಿನಿಂದ ಮೂರರಲ್ಲಿ ಒಂದು, ನಾಲ್ಕರಲ್ಲಿ ಒಂದು ಅನ್ನೋ ಲೆಕ್ಕ ಇಳಿದು ಬರಲ್ಲ. ಆಗಲೇ ಹೇಳಿದ್ದಾರೆ ಅಂದುಬಿಟ್ಟರೆ ನಮ್ಮವರು ಪಟ್ಟ ಶ್ರಮಕ್ಕೇ ಅಗೌರವ ಅಂತ ನನ್ನ ಭಾವನೆ.

ಆ ಶ್ರಮ ಎಂಥದ್ದು ಅಂತ ನೋಡಿ. ಕಿಟಕಿಯಿಂದ ಬಿಸಿಲು ಕೋಲು ಬಿದ್ದಾಗ ಅದರಲ್ಲಿ ತೇಲೋ ಧೂಳಿನ ಕಣವೇ ಕಣ್ಣಿಗೆ ಕಾಣೋದರಲ್ಲಿ ಅತಿ ಚಿಕ್ಕದು. ಅದರ ಆರನೇ ಒಂದು ಭಾಗ ಪರಮಾಣು ಅಂದರು ವೈಶೇಷಿಕ ದರ್ಶನದವರು. ಎರಡು ಪರಮಾಣು ಸೇರಿ ಒಂದು ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ಕಾಣೋ ಕಣ. ಒಡೆಯೋದು ಎಲ್ಲಾದರೂ ನಿಲ್ಲಲೇಬೇಕಾ? ನಿಲ್ಲದಿದ್ದರೆ ಮೇರು ಪರ್ವತಕ್ಕೂ ಸಾಸಿವೆ ಕಾಳಿಗೂ ಲೆಕ್ಕವಿಲ್ಲದಷ್ಟು ಭಾಗಗಳಾಗಿ ಎರಡೂ ಸಮ ಆಗಬೇಕಾಗುತ್ತೆ ಅಂತ ವಾದಿಸಿದರು. ಈ ವಾದ ಇವತ್ತು ನಿಲ್ಲಲ್ಲ. ಲೆಕ್ಕವಿಲ್ಲದಷ್ಟು ಭಾಗ ಇದ್ದರೂ ಅಳತೆ ಬೇರೆ ಇರಬಹುದು ಅಂತ ಗಣಿತ ತೋರಿಸಿದೆ. ಬೌದ್ಧರು ಆಗಲೇ ಬೇರೆ ಕಡೆಯಿಂದ ಹಿಡಿದುಕೊಂಡರು: ಆರು ದಿಕ್ಕಿನಿಂದ ಆರು ಅಣು ಬಂದು ತಾಗಿದರೆ ನಡುವಿನದಕ್ಕೆ ಆರು ಭಾಗ ಇರಲೇಬೇಕಲ್ಲ, ಅದು ಪರಮಾಣು ಹೇಗಾಯ್ತು? ಶತಮಾನಗಟ್ಟಲೆ ನಡೆದ ಜಗಳ ಇದು. ನಮ್ಮ ನಿಜವಾದ ಆಸ್ತಿ ಈ ಜಗಳ.

ಹರ್ಮನ್ ಹೇಳಿದ ದೋಷಕ್ಕೆ ನ್ಯಾಯಸೂತ್ರದಲ್ಲಿ ಜಾಗ ಇದೆ. ಹೇತ್ವಾಭಾಸಗಳಲ್ಲಿ, ಅಂದರೆ ಕಾರಣದಂತೆ ಕಾಣೋ ಸುಳ್ಳು ಕಾರಣಗಳಲ್ಲಿ, ‘ಸಾಧ್ಯಸಮ’ ಅಂತ ಒಂದು: ಕೊಟ್ಟ ಕಾರಣಕ್ಕೂ ಸಾಧಿಸಬೇಕಾದ ಮಾತಿನಷ್ಟೇ ಪುರಾವೆ ಬೇಕಾಗಿರೋದು. ನೆರಳೂ ದ್ರವ್ಯ, ಯಾಕಂದ್ರೆ ಅದು ಚಲಿಸುತ್ತೆ ಅನ್ನೋದು ನಮಗೆ ಪಾಠದಲ್ಲಿ ಬರೋ ಉದಾಹರಣೆ. ನೆರಳು ಚಲಿಸುತ್ತೆ ಅನ್ನೋದನ್ನೇ ಮೊದಲು ಸಾಧಿಸಬೇಕು. ಮೇಡಂ ಬರೆದದ್ದು ಓದುವಾಗ ನನಗೆ ರೋಮಾಂಚನ ಆಯ್ತು.

ಉತ್ತರ | ಬೆಳಕಿನ ಲ್ಯಾಬ್, ಮೈಸೂರು

ಉಡುಪಿಯವರೇ, ನೆರಳಿನ ಉದಾಹರಣೆ ಎಷ್ಟು ಚೆನ್ನಾಗಿದೆ! ಫಿಸಿಕ್ಸ್ ಕ್ಲಾಸಲ್ಲೂ ಹೇಳಬೇಕಾದದ್ದು.

ಚಿಪ್‌ನವರೇ, ಕೈ ಬೇಕು ಅನ್ನೋದನ್ನು ಪೂರ್ತಿ ಒಪ್ತೀನಿ. ಹರ್ಮನ್‌ಗೂ ನೋಥರ್ ಕಲಿಸಿದ ಗಣಿತ ಇಲ್ಲದಿದ್ದರೆ ಆ ಪುಟ ಓದೋಕೇ ಆಗ್ತಿರಲಿಲ್ಲ. ನಾನು ಹೇಳೋದು ಅದರ ಇನ್ನೊಂದು ಬದಿ. ಅಂಥ ಕೈ ಇದ್ದವರು ಆ ಮೂವತ್ತು ವರ್ಷದಲ್ಲಿ ಎಷ್ಟೋ ಜನ ಇದ್ದರು, ಹೆಚ್ಚಿನವರು ಆ ಸಾಲನ್ನು ಮತ್ತೆ ತೆರೆದು ನೋಡಲಿಲ್ಲ. ಮುಗಿದ ವಿಷಯ ಅಂತ ಕಲಿಸಿದ್ದೇ ಕಾರಣ. ಮಾಖ್ ವಿಷಯದಲ್ಲೂ ಅಷ್ಟೇ. ಪರಮಾಣು ಒಪ್ಪದ ಮಾಖರೇ 1883ರ ಪುಸ್ತಕದಲ್ಲಿ ನ್ಯೂಟನ್ನನ ನಿರಪೇಕ್ಷ ಆಕಾಶವನ್ನು (ಅಬ್ಸಲ್ಯೂಟ್ ಸ್ಪೇಸ್) ಯಾರು, ಹೇಗೆ ಅಳೆದರು ಅಂತ ಕೇಳಿದ್ದು. ಬರ್ನ್‌ನಲ್ಲಿ ಪೇಟೆಂಟ್ ಆಫೀಸಿನ ಕೆಲಸದ ದಿನಗಳಲ್ಲಿ ಐನ್‌ಸ್ಟೈನ್ ಇಬ್ಬರು ಸ್ನೇಹಿತರ ಜೊತೆ ಕೂತು ಮಾಖ್‌ನನ್ನೂ ಹ್ಯೂಮ್‌ನನ್ನೂ ಓದಿದರು. ದೂರದ ಎರಡು ಘಟನೆ ಒಂದೇ ಹೊತ್ತಿಗೆ ಆಯ್ತು ಅನ್ನೋಕೆ ಏನು ಆಧಾರ ಅಂತ 1905ರಲ್ಲಿ ಕೇಳೋಕೆ ಆ ಓದು ನೆರವಾಯ್ತು ಅಂತ ಐನ್‌ಸ್ಟೈನ್ ಆಮೇಲೆ ತಾವೇ ಹೇಳಿದ್ದಾರೆ. ‘ಅಳೆಯದೆ ಇದೆ ಅನ್ನೋದು ಹೇಗೆ’ ಅನ್ನೋ ಅದೇ ಪ್ರಶ್ನೆ ಒಂದು ಕಡೆ ದಾರಿ ತೆರೆಯಿತು, ಇನ್ನೊಂದು ಕಡೆ ಕಟ್ಟಿತು. ಪ್ರಶ್ನೆಯನ್ನು ಹಟವಾಗಿ ಹಿಡಿದ ಕಡೆ ಕಟ್ಟಿತು ಅಂತ ನಾನು ಓದಿಕೊಳ್ತೀನಿ.

ಬೆಲ್ ವಾದದಲ್ಲೂ ಒಪ್ಪಿಕೊಂಡ ಮಾತು ಇನ್ನೊಂದಿದೆ. ಯಾವ ಕೋನ ಆರಿಸ್ತೀವಿ ಅನ್ನೋದಕ್ಕೂ ಫೋಟಾನ್ ಹೊತ್ತು ತಂದದ್ದಕ್ಕೂ ಸಂಬಂಧ ಇಲ್ಲ ಅನ್ನೋದು. ಅದನ್ನೂ ಬಿಡದೆ ಪರೀಕ್ಷೆ ಮಾಡ್ತಿದ್ದಾರೆ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೋನ ಆರಿಸಿದ್ದು ಕ್ವೇಸಾರ್‌ಗಳ (ಬಹು ದೂರದ ಗ್ಯಾಲಕ್ಸಿಗಳ ಉಜ್ವಲ ನಡುಭಾಗ) ಬೆಳಕು, ಅದರಲ್ಲಿ ಒಂದು ಹೊರಟು 1200 ಕೋಟಿ ವರ್ಷ ದಾಟಿತ್ತು. ಆಗಲೂ ಕ್ವಾಂಟಂ ಹೇಳಿದ್ದೇ ಬಂತು.

ಪ್ರತಿಕ್ರಿಯೆ | ಆರನೇ ಸೆಮ್, ಹಾಸನ

ಮೇಡಂ, ಮೂರು ಕೋನದ ಲೆಕ್ಕವನ್ನು ನೋಟ್‌ಬುಕ್‌ನಲ್ಲಿ ಎಂಟೂ ಸಾಧ್ಯತೆ ಬರೆದು ನೋಡಿದೆ. ದಾಟು-ದಾಟು-ದಾಟು, ನಿಲ್ಲು-ನಿಲ್ಲು-ನಿಲ್ಲು ಎರಡರಲ್ಲಿ ಮೂರಕ್ಕೆ ಮೂರೂ ಹೊಂದುತ್ತೆ, ಉಳಿದ ಆರರಲ್ಲಿ ಮೂರಕ್ಕೆ ಒಂದು. ಕಡಿಮೆ ಯಾವುದರಲ್ಲೂ ಬರಲ್ಲ! ಇದನ್ನೇ ಪ್ರಾಜೆಕ್ಟ್ ಮಾಡಬಹುದಾ? ನಮ್ಮ ಲ್ಯಾಬಲ್ಲಿ ಫೋಟಾನ್ ಜೋಡಿ ಎಲ್ಲ ಸಿಗಲ್ಲ.

ಉತ್ತರ | ಬೆಳಕಿನ ಲ್ಯಾಬ್, ಮೈಸೂರು

ಮಾಡಬಹುದು. ಎರಡು ಭಾಗ ಮಾಡು. ಮೊದಲನೇದು ಎರಡು ಪೋಲರಾಯ್ಡ್, ಒಂದು ಫೋಟೋಸೆಲ್, ಮೈಕ್ರೋಅಮ್ಮೀಟರ್. 0ಯಿಂದ 180ರವರೆಗೆ 10 ಡಿಗ್ರಿಗೊಂದು ರೀಡಿಂಗ್ ತಗೊಂಡು ಕಾಸ್ ವರ್ಗದ ಗ್ರಾಫ್ ಎಳಿ. ಕೋಣೆಯ ಬೆಳಕಿನ ರೀಡಿಂಗ್ ಕಳೆಯೋದು ಮರೀಬೇಡ, 90ರಲ್ಲಿ ಸೊನ್ನೆ ಬರದೇ ಇರೋಕೆ ಅದೂ ಒಂದು ಕಾರಣ. ದೀಪದ ಬೆಳಕಲ್ಲಿ ನೀನು ಅಳೆಯೋದು ಮಾಲಸ್ ನಿಯಮ ಮಾತ್ರ, ಬೆಲ್ ಪರೀಕ್ಷೆ ಅಲ್ಲ. ಅದನ್ನು ರಿಪೋರ್ಟಿನಲ್ಲಿ ಸ್ಪಷ್ಟವಾಗಿ ಬರಿ, ವೈವಾದಲ್ಲಿ ಮೊದಲು ಕೇಳೋದೇ ಅದನ್ನ. ಎರಡನೇ ಭಾಗದಲ್ಲಿ ನಿನ್ನ ಎಂಟು ಸಾಲಿನ ಪಟ್ಟಿಯನ್ನೂ ಕ್ವಾಂಟಂನ ಕಾಲನ್ನೂ ಕಂಪ್ಯೂಟರ್‌ನಲ್ಲಿ ಹತ್ತು ಸಾವಿರ ಸಲ ಓಡಿಸಿ ಅಕ್ಕಪಕ್ಕ ಇಡು.

ಎಮ್ಮೆಸ್ಸಿಗೆ ಧೈರ್ಯವಾಗಿ ಜೊತೆಗೇ ತಗೊಂಡು ಹೋಗು. ಬೆಂಗಳೂರಿನ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಒಂಟಿ ಫೋಟಾನ್‌ಗಳ ಮೇಲೆ ಇದರ ಸೋದರ ಪ್ರಶ್ನೆಯನ್ನೇ, ಲೆಗೆಟ್–ಗಾರ್ಗ್ ಅಸಮಾನತೆಯನ್ನು (ಒಂದೇ ಕಣವನ್ನು ಬೇರೆ ಬೇರೆ ಹೊತ್ತಲ್ಲಿ ಅಳೆದಾಗಿನ ಮಿತಿ), ಪರೀಕ್ಷೆ ಮಾಡಿದ್ದಾರೆ. 2023ರಲ್ಲಿ ಕೇಂದ್ರ ಸರ್ಕಾರ ಆರು ಸಾವಿರ ಕೋಟಿಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟ ಮೇಲೆ ಫೋಟಾನ್ ಜೋಡಿ ಬಳಸೋ ಲ್ಯಾಬ್‌ಗಳಿಗೆ ಜನ ಬೇಕಾಗಿದ್ದಾರೆ. ರಿಪೋರ್ಟ್ ಬರೆದ ಮೇಲೆ ಇಲ್ಲೇ ಹಾಕು, ಗ್ರಾಫ್ ಸಮೇತ ನೋಡ್ತೀನಿ.